ಮೂಗು ಕೈಕೊಟ್ಟಾಗ ಕೈ ಹಿಡಿದವರಿಗೆ

ನಮ್ಮ ಖಾನಾವಳಿ ಮತ್ತೆ ಬಾಗಿಲು ತೆಗೆದು ಈ ಯುಗಾದಿಗೆ ಒಂದು ವರ್ಷ ಆಯಿತು. ಧಾರವಾಡದ ಹಾಸ್ಟೆಲ್ ಹುಡುಗರು, ಆಫೀಸಿನವರು, ಕೋರ್ಟು ಕಚೇರಿ ಅಂತ ಹಳ್ಳಿಯಿಂದ ಬಂದವರು ದಿನಾ ಮಧ್ಯಾಹ್ನ ಬಂದು ಉಣ್ಣುತ್ತಿದ್ದಾರೆ. ಹೋದ ವಾರ ಒಬ್ಬ ಹುಡುಗ ತಾಟಿನಿಂದ ತಲೆ ಎತ್ತದೆ "ಅಕ್ಕಾರ, ಇನ್ನೊಂದು ರೊಟ್ಟಿ" ಅಂದ. ಅಷ್ಟೇ. ರೊಟ್ಟಿ ನೀಡಿ, ಒಳಗೆ ಹೋಗಿ ಕಣ್ಣು ಒರೆಸಿಕೊಂಡೆ. ಈ ಮಾತು ಇನ್ನು ಕಿವಿಗೆ ಬೀಳುವುದಿಲ್ಲ ಅಂತ ಎರಡು ವರ್ಷ ಅಂದುಕೊಂಡಿದ್ದೆ. ಅದಕ್ಕೇ ಇವತ್ತು ಕೆಲವರ ಋಣವನ್ನು ಎಲ್ಲರೆದುರು ಹೇಳಬೇಕು ಅನ್ನಿಸಿದೆ.

ಮೇ 2021ರಲ್ಲಿ ನನಗೆ ಕೊರೊನಾ ಬಂತು. ಜ್ವರ ಒಂದು ವಾರದಲ್ಲಿ ಇಳಿಯಿತು, ಆದರೆ ವಾಸನೆ ಹೋಯಿತು. ಕೆಲವು ತಿಂಗಳ ಮೇಲೆ ವಾಸನೆ ತಿರುಗಿ ಬಂತು, ಆದರೆ ಕೆಟ್ಟು ಬಂತು. ಉಳ್ಳಾಗಡ್ಡಿ ಹುರಿದರೆ ಕೊಳೆತ ನಾತ. ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ರಬ್ಬರ್ ಸುಟ್ಟ ಹಾಗೆ. ಚಹಾದ ಬಟ್ಟಲು ಹತ್ತಿರ ತಂದರೆ ಹೊಟ್ಟೆ ತೊಳೆಸುತ್ತಿತ್ತು. ಇದಕ್ಕೆ ಪರೋಸ್ಮಿಯಾ ಅಂತ ಹೆಸರು. ಹತ್ತೊಂಬತ್ತು ವರ್ಷ ಖಾನಾವಳಿ ನಡೆಸಿದವಳು ನಾನು. ನಿಂತಲ್ಲಿಂದಲೇ ಯಾವ ಪಾತ್ರೆ ತಳ ಹಿಡಿಯುತ್ತಿದೆ ಅಂತ ಹೇಳುತ್ತಿದ್ದೆ.

ಒಂದು ದಿನ ಸಾರು ಬಡಿಸಿದ ಮೇಲೆ ಒಬ್ಬ ಹುಡುಗ ಮೆಲ್ಲಗೆ ಹತ್ತಿರ ಬಂದ. "ಅಕ್ಕಾರ, ಸಾರು ಹಳಸಿದೆ" ಅಂದ. ಬೇರೆಯವರಿಗೆ ಕೇಳದ ಹಾಗೆ ಹೇಳಿದ. ನನಗೆ ಗೊತ್ತೇ ಆಗಿರಲಿಲ್ಲ. ಇನ್ನೊಂದು ದಿನ ಗ್ಯಾಸ್ ಸೋರುತ್ತಿತ್ತು. ಪಕ್ಕದ ಮನೆಯವರು ಓಡಿ ಬಂದು ಕಿಟಕಿ ತೆಗೆದರು. ನಾನು ಸಿಲಿಂಡರ್ ಪಕ್ಕದಲ್ಲೇ ಕೂತು ಸೊಪ್ಪು ಸೋಸುತ್ತಿದ್ದೆ. ಆ ರಾತ್ರಿಯೇ ನಿರ್ಧಾರ ಮಾಡಿದೆ. ಜನವರಿ 2022ರಲ್ಲಿ ಬಾಗಿಲು ಹಾಕಿದೆ.

ಮೊದಲು ತೋರಿಸಿದ ಡಾಕ್ಟರು "ಜೀವ ಉಳಿಯಿತಲ್ಲ, ಮೂಗಿನ ಚಿಂತೆ ಯಾಕೆ" ಅಂದರು. ಆ ಮಾತು ತುಂಬಾ ದಿನ ಚುಚ್ಚಿತು. ಎರಡನೇ ಡಾಕ್ಟರು ನನ್ನ ಮಾತನ್ನು ಪೂರ್ತಿ ಕೇಳಿದರು. ಲವಂಗ, ನಿಂಬೆ, ನೀಲಗಿರಿ, ಗುಲಾಬಿ, ಈ ನಾಲ್ಕನ್ನು ದಿನಕ್ಕೆ ಎರಡು ಸಲ ಮೂಸಬೇಕು, ಮೂಸುವಾಗ ಅದರ ಹಳೇ ವಾಸನೆ ನೆನಪು ಮಾಡಿಕೊಳ್ಳಬೇಕು ಅಂದರು. ಮೂಗಿಗೆ ತಾಲೀಮು. ಬೇಗ ಫಲ ಸಿಗುವುದಿಲ್ಲ, ಬಿಡಬೇಡಿ ಅಂತಲೂ ಹೇಳಿದರು. ಡಾಕ್ಟರೇ, ನಿಮಗೆ ನನ್ನ ಮೊದಲ ನಮಸ್ಕಾರ. ಆ ನಾಲ್ಕು ಡಬ್ಬಿ ಈಗಲೂ ನನ್ನ ದಿಂಬಿನ ಪಕ್ಕ ಇವೆ.

ನನ್ನ ಜೊತೆ ರೊಟ್ಟಿ ಬಡಿಯುವ ಮೂವರು ಹೆಣ್ಣುಮಕ್ಕಳಿಗೆ ಎರಡನೇ ನಮಸ್ಕಾರ. ಬಾಗಿಲು ಹಾಕಿದ್ದಾಗಲೂ ತಿಂಗಳಿಗೊಮ್ಮೆ ಬಂದು ಕಸ ಗುಡಿಸಿ, ಹಂಚಿಗೆ ಎಣ್ಣೆ ಸವರಿ ಹೋಗುತ್ತಿದ್ದರು. ಯಾರೂ ಕೂಲಿ ಕೇಳಲಿಲ್ಲ. "ಹಂಚು ತುಕ್ಕು ಹಿಡಿದರೆ ಮತ್ತೆ ಹದಕ್ಕೆ ಬರೋದು ಕಷ್ಟ ಅಲ್ವಾ ಅಕ್ಕಾ" ಅನ್ನುತ್ತಿದ್ದರು. ಮತ್ತೆ ತೆಗೆಯುತ್ತೇವೆ ಅನ್ನುವುದು ಅವರಿಗೆ ಗ್ಯಾರಂಟಿ ಇತ್ತು. ನನಗೆ ಇರಲಿಲ್ಲ.

2023ರ ಫೆಬ್ರುವರಿಯಲ್ಲಿ ಮಗನ ಮನೆಗೆ ಅಮೆರಿಕದ ಹೂಸ್ಟನ್‌ಗೆ ಹೋಗಿದ್ದೆ. ಅಲ್ಲಿ ಸೊಸೆ ಶಾಲೆಯಲ್ಲಿ ಕೆಲಸ ಮಾಡುತ್ತಾಳೆ, ಸ್ಪ್ಯಾನಿಶ್ ಚೆನ್ನಾಗಿ ಬರುತ್ತದೆ. ನಾನು ಅವಳ ಅಡುಗೆಮನೆಗೇ ಕಾಲಿಡುತ್ತಿರಲಿಲ್ಲ. ಒಂದು ಸಂಜೆ ಅವಳು "ಅತ್ತೆ, ಮೆಕ್ಸಿಕೊದ ಓಹಾಕಾದಲ್ಲಿ ಆರು ದಿನದ ಅಡುಗೆ ಶಿಬಿರ ಇದೆ. ಹಳ್ಳಿಯಲ್ಲಿ ಒಬ್ಬರ ಮನೆಯಲ್ಲೇ ಇದ್ದು ಕಲಿಯೋದು. ನಾವಿಬ್ಬರೂ ಹೋಗೋಣ" ಅಂದಳು. ವಾಸನೆ ಬಾರದವಳಿಗೆ ಅಡುಗೆ ಶಿಬಿರ ಯಾಕಮ್ಮ ಅಂತ ಸಿಟ್ಟು ಮಾಡಿದೆ. ಅವಳು ವಾದ ಮಾಡಲಿಲ್ಲ. ಸುಮ್ನೆ ಟಿಕೆಟ್ ತೆಗೆದಳು. ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಕಾಗಿರಲಿಲ್ಲ.

ಊರು ತ್ಲಾಕೊಲುಲಾ ಕಣಿವೆಯ ಒಂದು ಸಪೋತೆಕ್ ಹಳ್ಳಿ. ಸಪೋತೆಕ್ ಅಂದರೆ ಅಲ್ಲಿಯ ಮೂಲ ಜನ, ಅವರಿಗೆ ಅವರದೇ ಭಾಷೆ ಇದೆ. ಕಲಿಸುವ ಅಜ್ಜಿಯನ್ನು ಎಲ್ಲರೂ ಮಾಎಸ್ತ್ರಾ ಅನ್ನುತ್ತಿದ್ದರು. ನಮ್ಮ ಕಡೆ ಟೀಚರಮ್ಮ ಅಂದ ಹಾಗೆ. ಅಜ್ಜಿ ಮಗಳ ಜೊತೆ ಸಪೋತೆಕ್ ಆಡುತ್ತಿದ್ದರು, ಸೊಸೆಗೆ ಸ್ಪ್ಯಾನಿಶ್‌ನಲ್ಲಿ ಹೇಳುತ್ತಿದ್ದರು, ಸೊಸೆ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಮೂರು ಭಾಷೆ ದಾಟಿ ಬರುವಷ್ಟರಲ್ಲಿ ಅಜ್ಜಿಯ ಕೈ ಆ ಕೆಲಸ ಮಾಡಿ ಮುಗಿಸಿರುತ್ತಿತ್ತು. ಎರಡನೇ ದಿನದಿಂದ ನಾನು ಮಾತಿಗೆ ಕಾಯುವುದನ್ನು ಬಿಟ್ಟು ಕೈಯನ್ನೇ ನೋಡತೊಡಗಿದೆ.

ಮೊದಲ ಸಂಜೆಯ ಪಾಠ ಗೋವಿನಜೋಳ ಬೇಯಿಸುವುದು. ನೀರಿಗೆ ಸುಣ್ಣ ಹಾಕಿ ಕಾಳು ಕುದಿಸುತ್ತಾರೆ. ಹೌದು, ನಾವು ಎಲೆಗೆ ಹಚ್ಚುತ್ತೇವಲ್ಲ, ಅದೇ ಸುಣ್ಣ. ಕುದಿಸಿ, ಇಳಿಸಿ, ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ತೊಳೆದು ರುಬ್ಬುವುದು. ಇದಕ್ಕೆ ನಿಶ್ತಮಾಲ್ ಅನ್ನುತ್ತಾರೆ. ಸುಣ್ಣದಿಂದ ಕಾಳಿನ ಸಿಪ್ಪೆ ಸಡಿಲ ಆಗುತ್ತದೆ, ಹಿಟ್ಟಿಗೆ ಜಿಗಿ ಬರುತ್ತದೆ. ಬರೀ ಗೋವಿನಜೋಳದ ಹಿಟ್ಟಿಗೆ ಆ ಜಿಗಿ ಇಲ್ಲ, ತಟ್ಟಿದರೆ ಅಂಚು ಸೀಳುತ್ತದೆ. ಜೋಳದ ಹಿಟ್ಟಿಗೆ ನಾವು ಎಸರು ಹಾಕಿ ಜಿಗಿ ತರಿಸುತ್ತೇವೆ. ಅವರು ಸುಣ್ಣದಿಂದ ತರಿಸುತ್ತಾರೆ. ಸುಣ್ಣದಿಂದ ಇನ್ನೊಂದು ಉಪಕಾರ ಇದೆ ಅಂತ ಸೊಸೆ ಹೇಳಿದಳು. ಗೋವಿನಜೋಳದಲ್ಲಿ ಕಟ್ಟಿಹಾಕಿದ ಹಾಗೆ ಇರುವ ನಿಯಾಸಿನ್ ಅನ್ನುವ ಜೀವಸತ್ವ ಆಗ ಮೈಗೆ ಹತ್ತುತ್ತದೆ. ಯುರೋಪಿನವರು ಕಾಳನ್ನು ಒಯ್ದರು, ಸುಣ್ಣದ ಪದ್ಧತಿಯನ್ನು ಒಯ್ಯಲಿಲ್ಲ. ಆ ಕಾಳನ್ನೇ ನಂಬಿ ಬದುಕಿದ ಬಡವರಿಗೆ ಪೆಲಾಗ್ರಾ ರೋಗ ಬಂತು. ಚರ್ಮ ಸುಲಿದು, ಬುದ್ಧಿ ಕೆಟ್ಟು ಎಷ್ಟೋ ಜನ ಸತ್ತರು. ಹಳ್ಳಿ ಹೆಂಗಸರ ಕೈಯಲ್ಲಿ ಎಷ್ಟು ದೊಡ್ಡ ವಿದ್ಯೆ ಇತ್ತು ನೋಡಿ.

ಕಾಳು ಎಷ್ಟು ಬೇಯಬೇಕು ಅಂತ ಕೇಳಿದೆ. ವಾಸನೆ ನೋಡಿ ಹೇಳುತ್ತಾರೆ ಅಂದುಕೊಂಡಿದ್ದೆ, ಒಳಗೆ ಅಳುಕಿತ್ತು. ಅಜ್ಜಿ ಒಂದು ಕಾಳು ತೆಗೆದು ನನ್ನ ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟರು. ತಮ್ಮ ಬೆರಳನ್ನು ಮೇಲಿಟ್ಟು ಉಜ್ಜಿಸಿದರು. ಸಿಪ್ಪೆ ಜಾರಲಿಲ್ಲ. ಕಾಳನ್ನು ಎಸೆದು, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಇಟ್ಟರು. ಈ ಸಲ ಸಿಪ್ಪೆ ಹಾವಿನ ಪೊರೆ ಹಾಗೆ ಸರಿದು ಬಂತು. ಕಾಳನ್ನು ಉಗುರಿನಿಂದ ಸೀಳಿ ತೋರಿಸಿದರು. ಒಳಗೆ ಚುಕ್ಕಿಯಷ್ಟು ಬೆಳ್ಳಗೆ, ಹಿಟ್ಟು ಹಿಟ್ಟಾಗಿ ಉಳಿದಿತ್ತು. ಅದು ಉಳಿದಿರಬೇಕಂತೆ. ಅಷ್ಟಕ್ಕೇ ಇಳಿಸಬೇಕು. ಮೂಗಿನ ಸುದ್ದಿಯೇ ಬರಲಿಲ್ಲ. ಆ ರಾತ್ರಿ ಬಹಳ ದಿನಗಳ ಮೇಲೆ ಹೊಟ್ಟೆ ತುಂಬಾ ಉಂಡು ಮಲಗಿದೆ.

ಬೆಳಿಗ್ಗೆ ಬಕೆಟ್ ಹೊತ್ತು ಊರಿನ ಗಿರಣಿಗೆ ಹೋದೆವು. ಒದ್ದೆ ಕಾಳನ್ನೇ ಅಲ್ಲಿ ಬೀಸುತ್ತಾರೆ. ಆಮೇಲೆ ಮನೆಯಲ್ಲಿ ಮೆತಾತೆ ಅನ್ನುವ ಕಲ್ಲಿನ ಮೇಲೆ ಇನ್ನೊಮ್ಮೆ ನುಣ್ಣಗೆ ಅರೆಯುವುದು. ಮೂರು ಕಾಲಿನ ಇಳಿಜಾರು ಕಲ್ಲು. ಮೊಣಕಾಲೂರಿ ಕೂತು, ಉದ್ದ ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ನೂಕಬೇಕು. ನಮ್ಮ ಅರೆಯುವ ಕಲ್ಲಿನ ಅಕ್ಕನ ಹಾಗಿತ್ತು. ಭುಜದಿಂದ ನೂಕಬಾರದು, ಸೊಂಟದಿಂದ ನೂಕಬೇಕು ಅಂತ ಅಜ್ಜಿ ನನ್ನ ಬೆನ್ನಿಗೆ ಅಂಗೈ ಇಟ್ಟು ತೋರಿಸಿದರು.

ಒಲೆಯ ಮೇಲೆ ಮಣ್ಣಿನ ಹಂಚು. ಅದಕ್ಕೆ ಕೊಮಾಲ್ ಅನ್ನುತ್ತಾರೆ. ರೊಟ್ಟಿ ಹತ್ತಬಾರದು ಅಂತ ಹಂಚಿಗೂ ಸುಣ್ಣದ ನೀರು ಬಳಿಯುತ್ತಾರೆ. ಅವರ ಗೋವಿನಜೋಳದ ರೊಟ್ಟಿಗೆ ತೊರ್ತಿಯಾ ಅಂತ ಹೆಸರು. ಅದನ್ನು ಎರಡು ಸಲ ಮಗುಚಿ ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೆ ಉಬ್ಬುತ್ತದೆ. ನನ್ನ ಮೊದಲ ತೊರ್ತಿಯಾ ಉಬ್ಬಿದಾಗ ಅಜ್ಜಿಯ ಮಗಳು ಚಪ್ಪಾಳೆ ತಟ್ಟಿದಳು. ರೊಟ್ಟಿ ಉಬ್ಬಿದರೆ ಧಾರವಾಡದಲ್ಲೂ ಆಗುವ ಸಂತೋಷ ಅದೇ.

ಭಾನುವಾರ ತ್ಲಾಕೊಲುಲಾ ಸಂತೆ. ದಾರಿಯಲ್ಲಿ ಗುಡ್ಡಗಳನ್ನು ತೋರಿಸಿ, ಅಲ್ಲಿಯ ಗುಹೆಯೊಂದರಲ್ಲಿ 6,000 ವರ್ಷಕ್ಕೂ ಹಿಂದಿನ ಗೋವಿನಜೋಳದ ತೆನೆ ಸಿಕ್ಕಿದೆ ಅಂದರು. ಹೊಲಗಳಲ್ಲಿ ಗೋವಿನಜೋಳ, ಅವರೆ ಜಾತಿಯ ಬಳ್ಳಿ, ಕುಂಬಳ ಒಟ್ಟಿಗೆ ಬೆಳೆಯುತ್ತಾರೆ, ಅದಕ್ಕೆ ಮಿಲ್ಪಾ ಅನ್ನುತ್ತಾರೆ. ನಮ್ಮ ಅಕ್ಕಡಿ ಸಾಲು ನೆನಪಾಯಿತು. ಸಂತೆಯಲ್ಲಿ ಒಣಮೆಣಸಿನಕಾಯಿ ರಾಶಿ ಕಂಡಾಗ ಮಾತ್ರ ನನ್ನ ಕಾಲು ಅಲ್ಲೇ ನಿಂತವು. ಸುಕ್ಕು ಸುಕ್ಕಾದ ಕಡುಗೆಂಪು ಕಾಯಿ, ಥೇಟ್ ಬ್ಯಾಡಗಿ. ಮೆಣಸಿನಕಾಯಿಯ ತವರು ಆ ಕಡೆಯದೇ ಅಲ್ವಾ. ಪೋರ್ಚುಗೀಸರು ತರುವ ಮೊದಲು ನಮ್ಮಲ್ಲಿ ಖಾರ ಅಂದರೆ ಕರಿಮೆಣಸು. ಒಂದು ಕಾಯಿ ಕೈಯಲ್ಲಿ ಹಿಡಿದು ಸುಮಾರು ಹೊತ್ತು ನಿಂತಿದ್ದೆ.

ಎರಡು ದಿನ ಪೂರ್ತಿ ಮೋಲೆ ನೆಗ್ರೊ ಮಾಡಿದೆವು. ಅಂದರೆ ಕಪ್ಪು ಮೋಲೆ, ಮೆಣಸಿನಕಾಯಿ, ಮಸಾಲೆ ಅರೆದು ಮಾಡುವ ಗಟ್ಟಿ ಸಾರು. ಚಿಲ್ವಾಕ್ಲೆ ಅನ್ನುವ ಮೆಣಸಿನಕಾಯಿಯನ್ನು ಕಪ್ಪಾಗುವ ತನಕ ಹುರಿಯಬೇಕು. ಬೀಜವನ್ನು ಬೇರೆ ಮಾಡಿ ಇದ್ದಿಲಾಗುವ ತನಕ ಸುಡಬೇಕು. ಎಳ್ಳು, ಶೇಂಗಾ, ಬಾದಾಮಿ, ಒಣದ್ರಾಕ್ಷಿ, ಬಾಳೆಹಣ್ಣು, ಟೊಮೆಟೊ, ಕೊನೆಗೆ ಚಾಕಲೇಟು. ಜೊತೆಗೆ ನಮ್ಮ ಏಷ್ಯಾದ ಕಡೆಯಿಂದ ಸಮುದ್ರ ದಾಟಿ ಹೋದ ದಾಲ್ಚಿನ್ನಿ, ಮೆಣಸು, ಲವಂಗ. ದಿಂಬಿನ ಪಕ್ಕದ ಲವಂಗವನ್ನು ಅಷ್ಟು ದೂರದ ಕಲ್ಲಿನ ಮೇಲೆ ನಾನೇ ಅರೆದೆ. ಬೀಜ ಸುಡುವಾಗ ಘಾಟು ಎದ್ದಿತು. ಎಲ್ಲರೂ ಕೆಮ್ಮಿದರು, ನಾನೂ ಕೆಮ್ಮಿದೆ. ಘಾಟು ತಿಳಿಯುವ ನರ ಬೇರೆ, ವಾಸನೆಯ ನರ ಬೇರೆ ಅಂತ ಡಾಕ್ಟರು ಹೇಳಿದ್ದರು. ಎಲ್ಲರ ಜೊತೆ ಕೆಮ್ಮಿದೆನಲ್ಲ ಅಂತ ಕಣ್ಣಲ್ಲಿ ನೀರಿದ್ದೂ ಖುಷಿಯಾಯಿತು.

ಮಾಎಸ್ತ್ರಾ, ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದು. ಮೊದಲ ದಿನ ಉಳ್ಳಾಗಡ್ಡಿ, ಬೆಳ್ಳುಳ್ಳಿ ಸುಡುವಾಗ ನಾನು ಸೆರಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದೆ. ಯಾರಿಗೂ ಏನೂ ಹೇಳಿರಲಿಲ್ಲ. ಸೊಸೆಯನ್ನು ಕೇಳಿ ತಿಳಿದುಕೊಂಡಿರಿ. ಮರುದಿನದಿಂದ ನಾನು ಏಳುವ ಮೊದಲೇ ಹಿತ್ತಿಲಲ್ಲಿ ಬೇರೆ ಒಲೆ ಹೂಡಿ ಅವನ್ನು ಸುಟ್ಟು, ಸಿಪ್ಪೆ ತೆಗೆದು, ಮುಚ್ಚಿಟ್ಟಿರುತ್ತಿದ್ದಿರಿ. ನಾನು ಮಾಂಸ ತಿನ್ನುವುದಿಲ್ಲ ಅಂತ ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವ ತಮಾಲೆಯ ಹಿಟ್ಟಿಗೆ ಹಂದಿಯ ಕೊಬ್ಬಿನ ಬದಲು ಎಣ್ಣೆ ಹಾಕಿ ಕಲಸಿದಿರಿ. ಬಾಳೆ ಎಲೆಯಲ್ಲಿ ಕಟ್ಟುವಾಗ ನನ್ನ ಗಂಟಿಗೆ ಗುರುತಿಗೆ ಒಂದು ದಾರ ಸುತ್ತಿದಿರಿ. ನನ್ನ ತವರಿನಲ್ಲೂ ಯಾರಾದರೂ ಇಷ್ಟು ಮಾಡುತ್ತಿದ್ದರೋ ಇಲ್ಲವೋ.

ಐದನೇ ದಿನ ಒಣಗಿದ ಅವಕಾಡೊ ಎಲೆಯನ್ನು ಹಂಚಿನ ಮೇಲೆ ಬಾಡಿಸಿ ಮುಖದ ಹತ್ತಿರ ತಂದಿರಿ. ಸಣ್ಣಗೆ ಏನೋ ಬಂತು. ಕೊಳೆತ ನಾತ ಅಲ್ಲ, ರಬ್ಬರೂ ಅಲ್ಲ. ಆ ಎಲೆಯನ್ನು ನಾನು ಹುಟ್ಟಿದಾಗಿನಿಂದ ಮೂಸಿರಲಿಲ್ಲ, ಸರಿಯೋ ತಪ್ಪೋ ಹೇಗೆ ಹೇಳಲಿ? ಸೊಸೆಯ ಕಡೆ ತಿರುಗಿ "ಸೋಂಪಿನ ಹಾಗಾ?" ಅಂದೆ. "ಹೌದು ಅತ್ತೆ, ಸೋಂಪೇ" ಅಂದಳು. ಅವಳ ಧ್ವನಿ ನಡುಗಿತು.

ವಾಸನೆ ಇವತ್ತಿಗೂ ಪೂರ್ತಿ ಬಂದಿಲ್ಲ. ಉಳ್ಳಾಗಡ್ಡಿ ಈಗ ನಾರುವುದಿಲ್ಲ, ಆದರೆ ಮೊದಲಿನ ಪರಿಮಳವೂ ಇಲ್ಲ. ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಯಂತ್ರವನ್ನು ಮಗ ಹಾಕಿಸಿದ್ದಾನೆ. ಸಾರು ಹಳಸಿದೆಯೋ ನೋಡುವುದು ಆ ಮೂವರು ಹೆಣ್ಣುಮಕ್ಕಳ ಕೆಲಸ. ಬೇಳೆ ಬೆಂದದ್ದನ್ನು ಬೆರಳಿನಿಂದ, ಒಗ್ಗರಣೆಯನ್ನು ಸಾಸಿವೆ ಸದ್ದಿನಿಂದ, ಶೇಂಗಾ ಹುರಿದದ್ದನ್ನು ಬಣ್ಣದಿಂದ ನೋಡುತ್ತೇನೆ. ಮಗನೇ, ಸೊಸೆಯೇ, ನಿಮಗೆ ಥ್ಯಾಂಕ್ಸ್ ಅಂದರೆ ಸಿಟ್ಟು ಮಾಡುತ್ತೀರಿ. ಆದರೂ ಹೇಳುತ್ತೇನೆ. ಹಳಸಿದ ಸಾರಿನ ಮಾತನ್ನು ಮೆಲ್ಲಗೆ ಹೇಳಿದ ಆ ಹುಡುಗನಿಗೂ ಹೇಳಬೇಕು. ಎಲ್ಲಿದ್ದೀಯೋ ಗೊತ್ತಿಲ್ಲ ತಮ್ಮಾ, ಒಮ್ಮೆ ಬಂದು ಉಂಡು ಹೋಗು.

ಸೊಸೆ ಈ ಬರಹವನ್ನು ಸ್ಪ್ಯಾನಿಶ್‌ನಲ್ಲಿ ಹೇಳಿ ಓಹಾಕಾಕ್ಕೆ ಕಳಿಸುತ್ತಾಳೆ. ಅದಕ್ಕೇ ಇನ್ನೊಂದು ಮಾತು ಮಾಎಸ್ತ್ರಾ. ಕೊನೆಯ ದಿನ ನಿಮ್ಮ ಹಂಚಿನ ಮೇಲೆ ನಾನು ಜೋಳದ ರೊಟ್ಟಿ ಬಡಿದು ಕೊಟ್ಟೆನಲ್ಲ, ಆಗ ನೀವು ಕೇಳಿದಿರಿ, ಹಿಟ್ಟು ಹದಕ್ಕೆ ಬಂದದ್ದು ನಿಮಗೆ ಹೇಗೆ ತಿಳಿಯುತ್ತದೆ ಅಂತ. ನಲವತ್ತು ವರ್ಷ ಬಡಿದಿದ್ದೇನೆ, ಉತ್ತರ ಹೊಳೆಯಲಿಲ್ಲ. ಊರಿಗೆ ಬಂದ ಮೇಲೆ ದಿನಾ ಗಮನ ಇಟ್ಟು ನೋಡಿದೆ. ನಾದುತ್ತಾ ನಾದುತ್ತಾ ಹಿಟ್ಟು ಅಂಗೈ ಬಿಡುತ್ತದೆ. ಉಂಡೆ ಒತ್ತಿದರೆ ಅಂಚು ಸೀಳುವುದಿಲ್ಲ. ಬಡಿಯಲು ಕೂತಾಗ ಮೊದಲ ನಾಲ್ಕು ಏಟು ಚಪ್ ಚಪ್ ಅಂತ ಹಸಿ ಸದ್ದು ಬರುತ್ತದೆ, ಆಮೇಲೆ ಪಟ ಪಟ ಅನ್ನುತ್ತದೆ. ಆ ಪಟ ಪಟ ಬಂದರೆ ಹಂಚಿಗೆ ಹಾಕಬಹುದು.