ಹಾಸ್ಟೆಲ್ ನಿಯಮ ಪ್ರವೇಶದ ದಿನವೇ ತಿಳಿಯಲಿ

ಮಾನ್ಯ ಸಂಪಾದಕರೇ,

ಪದವಿ ಪ್ರವೇಶದ ದಿನಗಳಲ್ಲಿ ಕಾಲೇಜು ಕಚೇರಿಯ ಮುಂದೆ ಸಾಲುಗಟ್ಟಿ ನಿಲ್ಲುವ ತಂದೆತಾಯಂದಿರು ಶುಲ್ಕ, ಜಾತಿ ಪ್ರಮಾಣಪತ್ರ, ಹಾಸ್ಟೆಲ್ ಸೀಟುಗಳ ಬಗ್ಗೆ ಹತ್ತು ಸಲ ವಿಚಾರಿಸುತ್ತಾರೆ. ಆದರೆ ಅರ್ಜಿಯ ಕೊನೆಗೆ ಲಗತ್ತಿಸಿರುವ ಮುಚ್ಚಳಿಕೆ ಪತ್ರಕ್ಕೆ ತಂದೆಯೂ ಮಗನೂ ಓದದೆಯೇ ಸಹಿ ಹಾಕುತ್ತಾರೆ. ಮದ್ಯ ಸೇವನೆ ಕಂಡುಬಂದಲ್ಲಿ ಮುನ್ಸೂಚನೆ ಇಲ್ಲದೆ ಹೊರಹಾಕಲಾಗುವುದು ಎಂಬ ಸಾಲು ಸಾಮಾನ್ಯವಾಗಿ ಇರುವುದು ಅಲ್ಲಿಯೇ. ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತ ಹಾಸ್ಟೆಲ್ ವಾರ್ಡನ್ ಹೊಣೆಯನ್ನೂ ಹೊತ್ತಿದ್ದ ನಾನು ಆ ಸಾಲಿನ ಪರಿಣಾಮವನ್ನು ಹತ್ತಿರದಿಂದ ನೋಡಿದ್ದೇನೆ. ವಿದ್ಯಾರ್ಥಿಗಳ ಕುಡಿತವನ್ನು ಸಂಸ್ಥೆಗಳು ಕಂಡೂ ಕಾಣದಂತೆ ಇರಬೇಕೆಂಬ ವಾದ ನನ್ನದಲ್ಲ. ಶಿಕ್ಷೆ ಇರಲಿ, ಆದರೆ ಅದು ಏನೆಂಬುದು ಹುಡುಗರಿಗೆ ಮೊದಲೇ ಗೊತ್ತಿರಲಿ, ಕೊಡುವ ಮುನ್ನ ಅವರ ಮಾತನ್ನೂ ಕೇಳಲಿ ಎಂಬುದಷ್ಟೇ ನನ್ನ ಕಳಕಳಿ.

ನಮ್ಮಲ್ಲಿ ಪಿಯುಸಿ ಮುಗಿಸಿ ಪದವಿಗೆ ಬರುವವರಿಗೆ 18 ತುಂಬುತ್ತಿರುತ್ತದೆ, ಪದವಿ ಮುಗಿಯುವಾಗ 21ರ ಆಸುಪಾಸು. ರಾಜ್ಯದ ಅಬಕಾರಿ ಲೈಸೆನ್ಸುಗಳಿಗೆ ಸಂಬಂಧಿಸಿದ 1967ರ ಸಾಮಾನ್ಯ ಷರತ್ತುಗಳ ನಿಯಮದಂತೆ 21 ವರ್ಷದೊಳಗಿನವರಿಗೆ ಮದ್ಯ ಮಾರುವಂತಿಲ್ಲ. 1965ರ ಅಬಕಾರಿ ಕಾಯ್ದೆಯಲ್ಲಿ 18 ಎಂದಿರುವುದರಿಂದ ಎರಡನ್ನೂ ಹೊಂದಿಸುವ ಹೆಸರಿನಲ್ಲಿ ವಯೋಮಿತಿಯನ್ನು 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಹೊರಬಿದ್ದಿತ್ತು. ಜನರ ವಿರೋಧ ಕಂಡು ಸರ್ಕಾರ ಅದನ್ನು ಕೈಬಿಟ್ಟಿತು. ಅಂದರೆ ಪದವಿ ತರಗತಿಯಲ್ಲಿ ಕುಳಿತಿರುವ ಹೆಚ್ಚುಕಡಿಮೆ ಎಲ್ಲರೂ ಮದ್ಯದಂಗಡಿಗೆ ಗಿರಾಕಿಗಳಾಗಬಾರದವರು. ಆದರೂ ಎಂಆರ್‌ಪಿ ಅಂಗಡಿಯ ಕಿಟಕಿಯಲ್ಲಿ ಮೀಸೆ ಚಿಗುರದ ಹುಡುಗನ ವಯಸ್ಸು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಮಾರಿದವನನ್ನು ಬಿಟ್ಟು ಕೊಂಡವನ ಮೇಲೆ ಮಾತ್ರ ಬೀಳುವ ಶಿಸ್ತು ಅರ್ಧ ಶಿಸ್ತು.

ಅದಕ್ಕಿಂತ ಕಠಿಣವಾದದ್ದು ರಸ್ತೆಯ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ವಾಹನ ಓಡಿಸುವವರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಾಂಶವಿದ್ದರೆ ಅದು ಅಪರಾಧ. ಒಂದೇ ಬಿಯರ್ ಸಾರ್ ಎಂಬ ಗೋಗರೆತ ಉಸಿರು ಪರೀಕ್ಷಿಸುವ ಯಂತ್ರದ ಮುಂದೆ ನಡೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ ಹಣ ಕಟ್ಟಿ ರಸೀದಿ ಪಡೆದಂತೆ ಇದನ್ನು ಮುಗಿಸಲಾಗದು, ಪ್ರಕರಣ ನ್ಯಾಯಾಲಯಕ್ಕೇ ಹೋಗುತ್ತದೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದ ಹುಡುಗ ಪೀಡೆ ತೊಲಗಿತೆಂದು ಮನೆಗೆ ಬರುತ್ತಾನೆ; ಅದು ನ್ಯಾಯಾಲಯ ವಿಧಿಸಿದ ಶಿಕ್ಷೆಯಾಗಿ ದಾಖಲಾಗಿದೆ ಎಂಬುದು ಅವನಿಗೆ ಹೊಳೆದಿರುವುದಿಲ್ಲ. ಇದೇ ಕಾಯ್ದೆಯ 188ನೇ ಸೆಕ್ಷನ್ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ಎನ್ನುತ್ತದೆ. ಗೆಳೆಯ ಕುಡಿದಿದ್ದಾನೆಂದು ಗೊತ್ತಿದ್ದೂ ಬೈಕಿನ ಕೀಲಿ ಕೊಟ್ಟು ಕಳಿಸುವವರು ಇದನ್ನು ಅವಶ್ಯವಾಗಿ ತಿಳಿದಿರಬೇಕು. ಇನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 355ನೇ ಸೆಕ್ಷನ್, ಕುಡಿದು ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ವರ್ತಿಸಿದವರಿಗೆ 24 ಗಂಟೆಯವರೆಗಿನ ಸಾದಾ ಸಜೆ, 1,000 ರೂಪಾಯಿವರೆಗಿನ ದಂಡ ಅಥವಾ ಸಮುದಾಯ ಸೇವೆಯನ್ನು ವಿಧಿಸುತ್ತದೆ. ವಿದ್ಯಾರ್ಥಿಗಳ ವಿಷಯದಲ್ಲಿ ಸಮುದಾಯ ಸೇವೆಯನ್ನೇ ನ್ಯಾಯಾಲಯಗಳು ಹೆಚ್ಚಾಗಿ ಆರಿಸಿಕೊಂಡರೆ ಒಳ್ಳೆಯದೆಂದು ನನಗನಿಸುತ್ತದೆ.

ಈ ದಾಖಲೆಗಳು ಎಷ್ಟು ದೂರ ಹಿಂಬಾಲಿಸುತ್ತವೆ ಎಂಬ ಅರಿವು ಹುಡುಗರಿಗೆ ಕೆಲಸದ ಆದೇಶ ಕೈಸೇರುವ ಹೊತ್ತಿಗೆ ಬರುತ್ತದೆ. ಕೇಂದ್ರ ಸರ್ಕಾರದ ನೌಕರಿಗೆ ಸೇರುವಾಗ ತುಂಬುವ ದೃಢೀಕರಣ ನಮೂನೆಯಲ್ಲಿ, ನೀವು ಎಂದಾದರೂ ಬಂಧಿತರಾಗಿದ್ದೀರಾ, ನಿಮ್ಮ ಮೇಲೆ ಮೊಕದ್ದಮೆ ನಡೆದಿದೆಯೇ ಎಂಬುದರ ಜೊತೆಗೆ ಯಾವುದಾದರೂ ವಿಶ್ವವಿದ್ಯಾಲಯ ನಿಮ್ಮನ್ನು ಹೊರಹಾಕಿದೆಯೇ ಎಂದೂ ಕೇಳಿರುತ್ತದೆ. ಹೆದರಿ 'ಇಲ್ಲ' ಎಂದು ಬರೆದವರ ಕಷ್ಟ ದೊಡ್ಡದು. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಇಂಥ ಮಾಹಿತಿಯನ್ನು ನಿಜವಾಗಿಯೇ ಕೊಡಬೇಕೆಂದೂ, ಎಳೆಯ ವಯಸ್ಸಿನ ಕ್ಷುಲ್ಲಕ ಪ್ರಕರಣವಾಗಿದ್ದರೆ ಮುಚ್ಚಿಟ್ಟದ್ದನ್ನೂ ಉದ್ಯೋಗದಾತರು ವಿವೇಚನೆಯಿಂದ ಮನ್ನಿಸಬಹುದೆಂದೂ ಹೇಳಿದೆ. ಆದರೆ ಮನ್ನಿಸಲೇಬೇಕೆಂದು ಹೇಳಿಲ್ಲ.

ಹೀಗಿರುವಾಗ ಕಾಲೇಜು ಬರೆಯುವ ಒಂದೊಂದು ಹಾಳೆಗೂ ತೂಕವಿದೆ. ನಾನು ನಂತರ ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಕೋಣೆಯಲ್ಲಿ ಬಾಟಲಿ ಸಿಕ್ಕಿತು. ಅಲ್ಲಿದ್ದ ಮೂವರನ್ನೂ ಕಚೇರಿಗೆ ಕರೆಸಿ ಬಿಳಿ ಹಾಳೆ ಕೊಟ್ಟು, 'ಮದ್ಯ ಸೇವಿಸಿದ್ದು ನಿಜ, ಯಾವುದೇ ಶಿಕ್ಷೆಗೆ ಬದ್ಧನಾಗಿದ್ದೇನೆ' ಎಂದು ಹೇಳಿ ಬರೆಸಲಾಯಿತು. ಮೂವರಲ್ಲಿ ಒಬ್ಬ ಕುಡಿದಿರಲಿಲ್ಲ, ಮರುದಿನದ ಇಂಟರ್ನಲ್ಸ್‌ಗೆ ಓದುತ್ತಿದ್ದ. ಬರೆದುಕೊಟ್ಟರೆ ಇಲ್ಲಿಗೇ ಮುಗಿಯುತ್ತದೆ ಎಂದಿದ್ದನ್ನು ನಂಬಿ ಅವನೂ ಬರೆದ. ಬೆಳಗಾಗುವಷ್ಟರಲ್ಲಿ ಮೂರೂ ಟ್ರಂಕುಗಳು ವರಾಂಡದಲ್ಲಿದ್ದವು. ಮೊದಲ ಬಸ್ಸಿಗೆ ಬಂದಿಳಿದ ಅವನ ತಂದೆ ಟ್ರಂಕಿನ ಪಕ್ಕದಲ್ಲೇ ನಿಂತು, ಯಾರನ್ನು ಕೇಳಬೇಕು ಎಂದು ಕಂಡಕಂಡವರನ್ನು ವಿಚಾರಿಸುತ್ತಿದ್ದರು. ಅವರಿಗೆ ತೋರಿಸಲು ಒಂದು ನೋಟಿಸಾಗಲಿ, ಆದೇಶದ ಪ್ರತಿಯಾಗಲಿ ಕಚೇರಿಯಲ್ಲಿ ಇರಲಿಲ್ಲ; ಇದ್ದದ್ದು ಮಗನ ಕೈಬರಹದ ತಪ್ಪೊಪ್ಪಿಗೆ ಮಾತ್ರ.

ಇದು ಕಾನೂನಿಗೂ ಒಪ್ಪುವ ಕ್ರಮವಲ್ಲ. ಪರೀಕ್ಷೆಯಲ್ಲಿ ಅಕ್ರಮದ ಆರೋಪದ ಮೇಲೆ ಫಲಿತಾಂಶ ರದ್ದಾಗಿದ್ದ ಉತ್ತರ ಪ್ರದೇಶದ ವಿದ್ಯಾರ್ಥಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ, ವಿದ್ಯಾರ್ಥಿಯ ಮಾತನ್ನು ಕೇಳದೆ ಅವನ ಭವಿಷ್ಯಕ್ಕೆ ಧಕ್ಕೆ ತರುವ ಆದೇಶ ನಿಲ್ಲದು ಎಂದು ಎತ್ತಿಹಿಡಿದಿದೆ. ಆರೋಪ ಏನೆಂದು ಬರೆದು ತಿಳಿಸುವುದು, ಉತ್ತರಿಸಲು ಸಮಯ ಕೊಡುವುದು, ಕಾರಣ ಸಹಿತ ಆದೇಶ ಹೊರಡಿಸುವುದು, ಮೇಲ್ಮನವಿಗೆ ದಾರಿ ಇಡುವುದು ಇವೆಲ್ಲ ಕನಿಷ್ಠ ಮರ್ಯಾದೆಯ ಕ್ರಮಗಳು. ಹಾಗೆಂದು ಸಡಿಲ ಬಿಡಬಾರದ ಸಂಗತಿಗಳೂ ಇವೆ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ ಕುಡಿದ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಮೊದಲ ವರ್ಷದ ಹುಡುಗನೊಬ್ಬ ಜೀವ ಕಳೆದುಕೊಂಡ. ಅದೇ ವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ರ‍್ಯಾಗಿಂಗ್ ತಡೆ ನಿಯಮಾವಳಿಯನ್ನು ಹೊರಡಿಸಿತು. ಹಾಸ್ಟೆಲಿನಿಂದ ಉಚ್ಚಾಟನೆ, ವಿದ್ಯಾರ್ಥಿವೇತನ ತಡೆ, ಪ್ರವೇಶ ರದ್ದತಿಯವರೆಗಿನ ಶಿಕ್ಷೆಗಳು ಅದರಲ್ಲಿವೆ. ಕಿರಿಯರಿಗೆ ಬಲವಂತವಾಗಿ ಕುಡಿಸುವವರ ಮೇಲೆ ಅವನ್ನು ಪೂರ್ತಿಯಾಗಿ ಪ್ರಯೋಗಿಸಬೇಕು. ಇದರಲ್ಲಿ ದಾಕ್ಷಿಣ್ಯ ಸಲ್ಲದು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಭಯ. ಕುಡಿದು ಪ್ರಜ್ಞೆ ತಪ್ಪಿದ ಗೆಳೆಯನನ್ನು ಹುಡುಗರು ಆಸ್ಪತ್ರೆಗೆ ಒಯ್ಯುವುದಿಲ್ಲ. ಕೋಣೆಯ ಬಾಗಿಲು ಹಾಕಿ, ತಲೆಗೆ ನೀರು ಸುರಿದು, ಬಾಯಿಗೆ ಮಜ್ಜಿಗೆಯನ್ನೋ ನಿಂಬೆಹಣ್ಣಿನ ರಸವನ್ನೋ ಹಾಕಿ, ಅಂಗಾತ ಮಲಗಿಸಿ, ಬೆಳಗ್ಗೆ ಸರಿಹೋಗುತ್ತಾನೆ ಎಂದು ಕಾಯುತ್ತಾರೆ. ಎಚ್ಚರವಿಲ್ಲದವನ ಬಾಯಿಗೆ ಏನನ್ನೂ ಹಾಕಬಾರದು. ವಾಂತಿ ಶ್ವಾಸನಾಳಕ್ಕೆ ಇಳಿದರೆ ಪ್ರಾಣವೇ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ, ಪಕ್ಕದಲ್ಲೇ ಇದ್ದು, ತಡಮಾಡದೆ 108ಕ್ಕೆ ಕರೆ ಮಾಡಬೇಕು. ಹುಡುಗರಿಗೆ ಇದು ಗೊತ್ತಿಲ್ಲವೆಂದಲ್ಲ, ಆಂಬುಲೆನ್ಸ್ ಗೇಟಿಗೆ ಬಂದರೆ ಎಲ್ಲರ ಹೆಸರೂ ಬಯಲಾಗುತ್ತದೆ ಎಂಬ ಹೆದರಿಕೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಇಂಥ ಹೊತ್ತಿನಲ್ಲಿ ನೆರವಿಗೆ ಕರೆ ಮಾಡಿದವರ ಮೇಲೂ, ಆಸ್ಪತ್ರೆ ಸೇರಿದವರ ಮೇಲೂ ಕುಡಿತಕ್ಕಾಗಿ ಶಿಸ್ತುಕ್ರಮ ಜರುಗಿಸುವುದಿಲ್ಲ ಎಂಬ ಲಿಖಿತ ನಿಯಮವಿದೆ. ನಮ್ಮ ಹಾಸ್ಟೆಲುಗಳಿಗೆ ಇದನ್ನು ತರಲು ಖರ್ಚಿಲ್ಲ, ಒಂದು ಸುತ್ತೋಲೆ ಸಾಕು.

ಚಟವೇ ಅಂಟಿಕೊಂಡವರ ಪ್ರಶ್ನೆ ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯಾನದೊಳಗೆ ಸೇರಿಸಿದೆ, ಚಿಕಿತ್ಸೆ ಪಡೆಯುವುದನ್ನು ಹಕ್ಕೆಂದೂ ಹೇಳಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಶುಲ್ಕವಿಲ್ಲದೆ ಸಲಹೆ ದೊರೆಯುತ್ತದೆ. ಪದೇಪದೇ ಸಿಕ್ಕಿಬೀಳುವ ವಿದ್ಯಾರ್ಥಿಯನ್ನು ಟಿ.ಸಿ. ಕೊಟ್ಟು ಸಾಗಹಾಕಿದರೆ ಸಂಸ್ಥೆಯ ತಲೆನೋವು ತೀರಬಹುದು, ಆ ಮನೆಯದು ತೀರುವುದಿಲ್ಲ.

ಆದ್ದರಿಂದ ಉನ್ನತ ಶಿಕ್ಷಣ ಇಲಾಖೆಯೂ ವಿಶ್ವವಿದ್ಯಾಲಯಗಳೂ ಈ ಸಾಲಿನ ತರಗತಿಗಳು ಆರಂಭವಾಗುವ ಮುನ್ನವೇ ಹಾಸ್ಟೆಲ್ ಶಿಸ್ತು ನಿಯಮಗಳನ್ನು ಸರಳ ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ, ಪ್ರವೇಶದ ದಿನ ತಂದೆತಾಯಿಯರ ಎದುರಿನಲ್ಲೇ ಓದಿ ಹೇಳಿ, ನಂತರ ಸಹಿ ಪಡೆಯುವ ಪದ್ಧತಿಯನ್ನು ಜಾರಿಗೆ ತರಬೇಕು. ಮಧ್ಯರಾತ್ರಿ ತಪ್ಪೊಪ್ಪಿಗೆ ಬರೆಸುವ ಪರಿಪಾಠವನ್ನು ಸ್ಪಷ್ಟ ಆದೇಶದ ಮೂಲಕ ನಿಲ್ಲಿಸಬೇಕು. ಆಂಬುಲೆನ್ಸ್ ಕರೆದವರಿಗೆ ಶಿಕ್ಷೆಯಿಲ್ಲ ಎಂಬ ಸಾಲನ್ನು ಪ್ರತಿ ಹಾಸ್ಟೆಲಿನ ಸೂಚನಾ ಫಲಕದಲ್ಲಿ ವಾರ್ಡನ್ನರ ಮೊಬೈಲ್ ಸಂಖ್ಯೆಯ ಪಕ್ಕದಲ್ಲೇ ಬರೆಸಬೇಕು. ಕಾಲೇಜುಗಳ ಸುತ್ತಲಿನ ಮದ್ಯದಂಗಡಿಗಳಲ್ಲಿ ವಯಸ್ಸಿನ ದಾಖಲೆ ಕೇಳುತ್ತಾರೋ ಇಲ್ಲವೋ ಎಂದು ಅಬಕಾರಿ ಇಲಾಖೆ ಸಂಜೆಯ ಹೊತ್ತಿನಲ್ಲಿ ಖುದ್ದಾಗಿ ತಪಾಸಣೆ ನಡೆಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

– ನಿವೃತ್ತ ಪ್ರಾಧ್ಯಾಪಕ, ಧಾರವಾಡ