14 ಜನ, ಒಂದು ಕಾವಲಿ

ಬಳಗದವರು ವಾರಾಂತ್ಯದಲ್ಲಿ ಊಟಕ್ಕೆ ಸೇರುವುದಾದರೆ ಮನೆ ಹತ್ತಿರದ ಪಬ್ ಒಳ್ಳೆಯ ಜಾಗ. ಮಕ್ಕಳು ಗಲಾಟೆ ಮಾಡಿದರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಕೌಂಟರಿನವರು ಎರಡನೇ ಸಲಕ್ಕೇ ಮುಖ ಗುರುತು ಹಿಡಿಯುತ್ತಾರೆ. ತೊಡಕು ಇರುವುದು ಒಳಗೆ, ಅಡುಗೆಮನೆಯಲ್ಲಿ. ಸಣ್ಣ ಪಬ್‌ಗಳಲ್ಲಿ ಮಧ್ಯಾಹ್ನದ ಹೊತ್ತು ಇರುವುದು ಒಬ್ಬರೋ ಇಬ್ಬರೋ ಅಡುಗೆಯವರು, ಒಂದು ಕಾವಲಿ, ಒಂದೆರಡು ಫ್ರೈಯರ್. 14 ಜನ ಒಟ್ಟಿಗೇ ನುಗ್ಗಿ 14 ಬರ್ಗರ್ ಹೇಳಿದರೆ ಕೊನೆಯ ತಟ್ಟೆ ಬರುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ. ಬೈಗುಳ ಮಾತ್ರ ಪಬ್‌ಗೆ.

ಲೆಕ್ಕ ಸುಲಭ. 60 ಸೆಂಟಿಮೀಟರ್ ಅಗಲದ ಕಾವಲಿಯಲ್ಲಿ ಬನ್ ಕಾಯಿಸಲು ಜಾಗ ಬಿಟ್ಟರೆ 170 ಗ್ರಾಂ ತೂಕದ ಪ್ಯಾಟಿ (ಬನ್ ನಡುವೆ ಇಡುವ ಬಿಲ್ಲೆ) 8 ಹಿಡಿದರೆ ಹೆಚ್ಚು. ಒತ್ತಿ ಇಟ್ಟರೆ 12 ಕೂಡ ಕೂರುತ್ತವೆ, ನಿಜ. ಆದರೆ ಫ್ರಿಜ್‌ನಿಂದ ಬಂದ 2 ಕಿಲೋ ತಣ್ಣನೆಯ ಮಾಂಸ ಒಮ್ಮೆಲೇ ಬಿದ್ದರೆ ಕಾವಲಿಯ ಕಾವು ಇಳಿದುಹೋಗುತ್ತದೆ. ಮಾಂಸ ಬಿಟ್ಟ ನೀರು ಆವಿಯಾಗದೆ ಅಡಿಯಲ್ಲೇ ನಿಲ್ಲುತ್ತದೆ. ನೀರು ಇರುವ ತನಕ ಆ ಜಾಗದ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಆ ಕಂದು ಬಣ್ಣ, ಹುರಿದ ಘಮ ಹುಟ್ಟಲು 140 ಡಿಗ್ರಿಯಾದರೂ ಬೇಕು. ಹಾಗಾಗಿ ಕಾವಲಿಯಿಂದ ಎದ್ದು ಬರುವುದು ಬೂದು ಬಣ್ಣದ, ಬೇಯಿಸಿದ ಬಿಲ್ಲೆ.

ಎರಡು ಸೆಂಟಿಮೀಟರ್ ದಪ್ಪದ ಪ್ಯಾಟಿ ಒಳಗಿನ ತನಕ ಬೇಯಲು ಸುಮಾರು 8ರಿಂದ 10 ನಿಮಿಷ ಹಿಡಿಯುತ್ತದೆ. ಆದ್ದರಿಂದ 14 ಜನರ ಆರ್ಡರನ್ನು 7ರಂತೆ ಎರಡು ಕಂತು ಮಾಡಿ, ನಡುವೆ 15 ನಿಮಿಷ ಬಿಡಿ ಎಂದು ಕೌಂಟರಿನಲ್ಲೇ ಹೇಳಿಬಿಡಿ. ಅಡುಗೆಯವರು ಮನಸ್ಸಿನಲ್ಲೇ ನಿಮಗೆ ಕೈಮುಗಿಯುತ್ತಾರೆ. ಮೊದಲ ಕಂತಿನಲ್ಲಿ ಮಕ್ಕಳು, ಹಿರಿಯರು. ಎರಡು ದಿನ ಮೊದಲೇ ಫೋನ್ ಮಾಡಿ, 12.30ರಿಂದ 1.30ರ ನೂಕುನುಗ್ಗಲು ತಪ್ಪಿಸಿ 11.45ಕ್ಕೆ ಕೂರಬಹುದೇ ಕೇಳಿ. ತಡವಾಗಿ ಹೋಗುವುದಾದರೆ ಮಧ್ಯಾಹ್ನದ ಕೊನೆಯ ಆರ್ಡರ್ ಎಷ್ಟು ಗಂಟೆಗೆ ಎಂದು ತಿಳಿದುಕೊಳ್ಳಿ. ಪಬ್ ತೆರೆದಿದೆ ಎಂದ ಮಾತ್ರಕ್ಕೆ ಒಲೆ ಉರಿಯುತ್ತಿರಬೇಕೆಂದಿಲ್ಲ.

ಒಳ್ಳೆಯ ಪ್ಯಾಟಿಯ ಗುಟ್ಟು ಮಸಾಲೆಯಲ್ಲಿಲ್ಲ, ಕೊಬ್ಬಿನಲ್ಲಿದೆ. ಖೀಮಾದಲ್ಲಿ ಕೊಬ್ಬು 20 ಪ್ರತಿಶತ ಇರಬೇಕು. 10ಕ್ಕೆ ಇಳಿದರೆ ಜಗಿದಷ್ಟೂ ಹೊಟ್ಟು. ಉಪ್ಪನ್ನು ಖೀಮಾಕ್ಕೆ ಹಾಕಿ ಕಲಸಿಟ್ಟರೆ ಅದು ಮಾಂಸದ ಮಯೋಸಿನ್ ಎಂಬ ಪ್ರೋಟೀನನ್ನು ಕರಗಿಸಿ ಅಂಟು ಬಿಡಿಸುತ್ತದೆ. ಬೆಂದ ಮೇಲೆ ಅದು ಬರ್ಗರ್ ಆಗಿರುವುದಿಲ್ಲ, ಸಾಸೇಜಿನಂತೆ ರಬ್ಬರ್ ಆಗಿರುತ್ತದೆ. ಬಲ್ಲವರು ಉಪ್ಪು ಉದುರಿಸುವುದು ಕಾವಲಿಗೆ ಹಾಕುವ ಕ್ಷಣದಲ್ಲಿ, ಅದೂ ಹೊರಮೈಗೆ ಮಾತ್ರ. ತಟ್ಟೆಗೆ ಬಂದ ಪ್ಯಾಟಿಯನ್ನು ಮುರಿದು ನೋಡಿದರೆ ಇದು ಗೊತ್ತಾಗುತ್ತದೆ. ಸಡಿಲವಾಗಿ ಎಳೆ ಎಳೆಯಾಗಿ ಬಿಟ್ಟುಕೊಂಡರೆ ಕೈ ಪಳಗಿದ ಅಡುಗೆಯವರದು, ಚಾಕುವಿನಲ್ಲಿ ಕೊಯ್ದಂತೆ ನುಣುಪಾಗಿ ಮುರಿದರೆ ಅತಿಯಾಗಿ ನಾದಿದ್ದು. ಬೇಯುವಾಗ ಅಂಚು ಮೊದಲು ಬಿಗಿದು ನಡುಭಾಗ ಚೆಂಡಿನಂತೆ ಉಬ್ಬುತ್ತದೆ. ಅದನ್ನು ತಪ್ಪಿಸಲು ಹಸಿ ಪ್ಯಾಟಿಯ ಮಧ್ಯೆ ಹೆಬ್ಬೆರಳಿನಿಂದ ಸಣ್ಣ ಗುಳಿ ಒತ್ತುತ್ತಾರೆ. ಬೇಯುತ್ತಿರುವ ದಪ್ಪ ಪ್ಯಾಟಿಯನ್ನು ಸಟ್ಟುಗದಲ್ಲಿ ಒತ್ತುವುದು ಕಣ್ಣಿಗೆ ಬಿದ್ದರೆ ಮುಂದಿನ ಸಲ ಬೇರೇನಾದರೂ ಹೇಳಿ; ಆ ಚೊಂಯ್ ಸದ್ದಿನಲ್ಲಿ ಹೊರಟುಹೋಗುವುದು ನಿಮ್ಮ ಪಾಲಿನ ರಸ. ಸ್ಮ್ಯಾಶ್ ಬರ್ಗರ್‌ನ ದಾರಿ ಬೇರೆ. 60ರಿಂದ 90 ಗ್ರಾಂ ಉಂಡೆಯನ್ನು ಮೊದಲ 30 ಸೆಕೆಂಡಿನಲ್ಲಿ, ಕೊಬ್ಬು ಇನ್ನೂ ಗಟ್ಟಿ ಇರುವಾಗಲೇ, ಕಾವಲಿಗೆ ಅಪ್ಪಚ್ಚಿ ಮಾಡುತ್ತಾರೆ. ಎರಡು ಮೂರು ನಿಮಿಷದಲ್ಲಿ ಕೆಲಸ ಮುಗಿಯುವುದರಿಂದ ದೊಡ್ಡ ಗುಂಪಿಗೆ ಇದೇ ಅನುಕೂಲ.

ಒಳಗೆ ಕೆಂಪಗಿರಲಿ ಎನ್ನುವವರಿಗೆ ಒಂದು ಮಾತು. ಇಡೀ ಮಾಂಸದ ತುಂಡಿನಲ್ಲಿ ರೋಗಾಣು ಇದ್ದರೂ ಹೆಚ್ಚಾಗಿ ಹೊರಮೈಯಲ್ಲಿ ಇರುತ್ತವೆ, ಕಾವಲಿ ಮುಟ್ಟಿದೊಡನೆ ಸಾಯುತ್ತವೆ. ಅರೆದಾಗ ಹೊರಮೈ ಒಳಗೆ ಸೇರಿಹೋಗುತ್ತದೆ. ಅದಕ್ಕೇ ಬೀಫ್ ಪ್ಯಾಟಿಯ ನಡುಭಾಗ 71 ಡಿಗ್ರಿ ಮುಟ್ಟಬೇಕು, ಇಲ್ಲವೇ 70 ಡಿಗ್ರಿಯಲ್ಲಿ 2 ನಿಮಿಷ ನಿಲ್ಲಬೇಕು. ಚಿಕನ್ ಖೀಮಾಕ್ಕೆ 74. ಬಣ್ಣ ನಂಬಬೇಡಿ: ಕೆಲವು ಪ್ಯಾಟಿಗಳು 71 ಮುಟ್ಟುವ ಮುಂಚೆಯೇ ಕಂದಾಗುತ್ತವೆ, ಕೆಲವು ಮುಟ್ಟಿದ ಮೇಲೂ ನಸುಗೆಂಪಾಗಿಯೇ ಉಳಿಯುತ್ತವೆ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರ ತಟ್ಟೆಗೆ ‘ಪೂರ್ತಿ ಬೆಂದಿರಲಿ’ ಎಂದು ಬರೆಸಿಬಿಡಿ.

ನಮ್ಮ ಓದುಗರಲ್ಲಿ ಹೆಚ್ಚಿನವರ ಚಿಂತೆ ಇದಲ್ಲ, ಸಸ್ಯಾಹಾರದ್ದು. ಮೆನುವಿನಲ್ಲಿ ಹಸಿರು ಎಲೆಯ ಗುರುತೋ ‘ವಿ’ ಅಕ್ಷರವೋ ಇದ್ದರೆ ಅದು ಹೇಳುವುದು ಸಾಮಗ್ರಿಯ ಬಗ್ಗೆ. ಯಾವ ಕಾವಲಿ, ಯಾವ ಎಣ್ಣೆ ಎಂದು ಹೇಳುವುದಿಲ್ಲ. ಭಾರತದ ಹೊರಗೆ ಹೆಚ್ಚಿನ ಕಡೆ ಆ ಗುರುತಿನ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರವೇ. ‘ಎಗ್‌ಲೆಸ್’ ಎಂದು ಒಂದೇ ಪದದಲ್ಲಿ ಹೇಳಿದರೆ ಅಡುಗೆಯವರು ಹುರಿದ ಮೊಟ್ಟೆ ಬೇಡವೆಂದು ತಿಳಿದು ತಲೆಯಾಡಿಸುತ್ತಾರೆ. ಹಳದಿ ಹೊಳಪಿನ ಬ್ರಿಯೋಶ್ ಬನ್‌ಗೆ ಹಿಟ್ಟಿನಲ್ಲೇ ಮೊಟ್ಟೆ, ಬೆಣ್ಣೆ ಇರುತ್ತದೆ. ಮಾಮೂಲಿ ಮೆಯೊನೀಸ್ ಎಂದರೆ ಮೊಟ್ಟೆಯ ಹಳದಿಗೆ ಎಣ್ಣೆ ಸೇರಿಸಿ ಕಡೆದದ್ದು, ಅದರಿಂದ ಮಾಡಿದ ‘ಬರ್ಗರ್ ಸಾಸ್’ನಲ್ಲೂ ಮೊಟ್ಟೆಯೇ. ವೂಸ್ಟರ್‌ಶೈರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೋವಿ ಮೀನು ಇರುತ್ತದೆ. ಗಟ್ಟಿ ಚೀಸ್‌ಗಳಲ್ಲಿ ಕೆಲವನ್ನು ಕರುವಿನ ಹೊಟ್ಟೆಯ ರೆನೆಟ್‌ನಿಂದ ಹೆಪ್ಪು ಹಾಕುತ್ತಾರೆ. ಪ್ಯಾಕೆಟ್ ತೋರಿಸಿ ಎಂದರೆ ತೋರಿಸುತ್ತಾರೆ. ಆನಿಯನ್ ರಿಂಗ್‌ನ ಹಿಟ್ಟಿಗೆ ಬಿಯರ್ ಬೆರೆಸುವುದು ಪಬ್‌ಗಳಲ್ಲಿ ಮಾಮೂಲು. ಚಿಪ್ಸ್ (ಪಬ್‌ಗಳಲ್ಲಿ ಹಾಗೆಂದರೆ ಬಿಸಿ ಆಲೂಗಡ್ಡೆ ಫ್ರೈ) ಕರಿಯುವ ಎಣ್ಣೆ ಸಸ್ಯದ್ದೋ ದನದ ಕೊಬ್ಬೋ, ಚಿಕನ್ ಕರಿದ ಫ್ರೈಯರಿನಲ್ಲೇ ಹಾಕುತ್ತಾರೋ, ವೆಜ್ ಪ್ಯಾಟಿಗೆ ಬೇರೆ ಬಾಣಲೆ ಇದೆಯೋ — ಇವನ್ನು ಫೋನ್ ಮಾಡಿದಾಗಲೇ ಕೇಳಬೇಕು. ತಟ್ಟೆ ಎದುರಿಗೆ ಬಂದ ಮೇಲೆ ಕೇಳಿದರೆ ಉತ್ತರ ಕಹಿಯಾಗಿರಬಹುದು.

ವೆಜ್ ಬರ್ಗರ್‌ಗಳಲ್ಲಿ ಒಂದೊಂದರ ಜಾತಕ ಬೇರೆ. ಕಾಳಿನ ಪ್ಯಾಟಿ ಮೊದಲೇ ಬೆಂದಿರುತ್ತದೆ, ಬೇಕಾಗಿರುವುದು ಬಿಸಿ ಮತ್ತು ಗರಿ. ಪದೇ ಪದೇ ತಿರುವಿದರೆ ಪುಡಿಯಾಗುತ್ತದೆ. ಪೋರ್ಟೊಬೆಲೊ ಅಣಬೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಮೊದಲು ಹುರಿದು ನೀರು ಬಸಿಯದಿದ್ದರೆ ಕೆಳಗಿನ ಬನ್ ಎರಡು ನಿಮಿಷದಲ್ಲಿ ಗಂಜಿ. ಮಾಂಸದಂತೆಯೇ ಕಾಣುವ ಸಸ್ಯಜನ್ಯ ಪ್ಯಾಟಿಗಳದು ಸೋಜಿಗದ ಗುಣ. ಅವುಗಳಲ್ಲಿ ಬಹುಪಾಲನ್ನು ಹಿಡಿದಿಡುವುದು ಮೆಥಿಲ್‌ಸೆಲ್ಯುಲೋಸ್ ಎಂಬ ಅಂಟು. ಲೋಕದಲ್ಲಿ ಜೆಲ್ಲಿಯೆಂಬುದು ಬಿಸಿಗೆ ಕರಗಿ ತಂಪಿಗೆ ಗಟ್ಟಿಯಾದರೆ, ಇದು ಬಿಸಿಗೆ ಗಟ್ಟಿಯಾಗಿ ಆರಿದಾಗ ಸಡಿಲಾಗುತ್ತದೆ. ಹಾಗಾಗಿ ಫೋಟೋ ತೆಗೆಯುತ್ತ ಕೂತವರಿಗೆ ಸಿಗುವುದು ಮೆತ್ತಗಿನ ಮುದ್ದೆ. ಎಲ್ಲರ ತಟ್ಟೆಯೂ ಬರಲಿ ಎಂಬ ಸಂಕೋಚ ಬರ್ಗರ್ ವಿಷಯದಲ್ಲಿ ಬೇಡವೇ ಬೇಡ.

ಇನ್ನು ತಿನ್ನುವ ಕಷ್ಟ. ಪಬ್‌ಗಳಿಗೆ ಗೋಪುರ ಕಟ್ಟುವ ಚಟ. ಕಡ್ಡಿ ಚುಚ್ಚಿ ನಿಲ್ಲಿಸಿದ 15 ಸೆಂಟಿಮೀಟರಿನ ಬರ್ಗರ್ ನೋಡಲಿಕ್ಕೇ ಹೊರತು ಬಾಯಿಗಲ್ಲ. ಚಾಕು, ಫೋರ್ಕ್ ಎತ್ತಿಕೊಳ್ಳಲು ನಾಚಿಕೆ ಬೇಡ. ಕೈಯಲ್ಲೇ ತಿನ್ನುವವರು ಕಡ್ಡಿ ಕಿತ್ತು, ಅಂಗೈಯಲ್ಲಿ ಮೆಲ್ಲಗೆ ಒಮ್ಮೆ ಅದುಮಿ, ಬರ್ಗರನ್ನು ತಲೆಕೆಳಗೆ ತಿರುಗಿಸಿ ಹಿಡಿಯಿರಿ. ಮೇಲಿನ ಬನ್ ದಪ್ಪ, ಕೆಳಗಿನದು ತೆಳು. ರಸವೆಲ್ಲ ಇಳಿಯುವುದು ತೆಳುವಿನ ಮೇಲೆ. ಮಗುಚಿದರೆ ದಪ್ಪ ಬನ್ ಅದನ್ನು ಕುಡಿದುಕೊಳ್ಳುತ್ತದೆ. ಹೆಬ್ಬೆರಳು, ಕಿರುಬೆರಳು ಅಡಿಗೆ, ನಡುವಿನ ಮೂರು ಬೆರಳು ಮೇಲೆ ಹರಡಿದರೆ ಹಿಂಬದಿಯಿಂದ ಟೊಮ್ಯಾಟೊ ಜಾರುವುದು ನಿಲ್ಲುತ್ತದೆ. ಒಳಮೈಯನ್ನು ಬೆಣ್ಣೆಯಲ್ಲಿ ಒಂದು ನಿಮಿಷ ಕಾಯಿಸಿದ ಬನ್ ಆದರೆ ಇಷ್ಟೆಲ್ಲ ಬೇಕಾಗುವುದಿಲ್ಲ, ಆ ಗರಿ ಪದರ ನೀರನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ‘ಬನ್ ಕಾಯಿಸಿ ಕೊಡಿ’ ಎಂದು ಕೇಳುವುದಕ್ಕೆ ಖರ್ಚೇನೂ ಇಲ್ಲ.

ಚೀಸ್‌ನಲ್ಲಿ ಬಡಾಯಿ ಬೇಡ. ತಿಂಗಳುಗಟ್ಟಲೆ ಮಾಗಿದ ಚೆಡ್ಡರ್ ರುಚಿಯೇನೋ ಹೌದು, ಬಿಸಿಗೆ ಮಾತ್ರ ಎಣ್ಣೆ ಬೇರೆ, ಗಸಿ ಬೇರೆ ಆಗಿ ಒಡೆಯುತ್ತದೆ. ಎಲ್ಲರೂ ಮೂಗು ಮುರಿಯುವ ಪ್ರೊಸೆಸ್ಡ್ ಸ್ಲೈಸ್‌ನಲ್ಲಿ ಸೋಡಿಯಂ ಸಿಟ್ರೇಟ್‌ನಂಥ ಲವಣಗಳಿರುವುದರಿಂದ ಅದು ಒಡೆಯದೆ ಪ್ಯಾಟಿಯ ಮೇಲೆ ರೇಷ್ಮೆಯಂತೆ ಹರಡುತ್ತದೆ. ಬರ್ಗರ್‌ಗೆ ಅದೇ ಸರಿ ಎಂಬುದು ನಮ್ಮ ಪಕ್ಷಪಾತ.

ಚಿಪ್ಸ್ ಎರಡು ಸಲ ಕರಿದವೇ ಆಗಿರಬೇಕು: ಮೊದಲು 140–150 ಡಿಗ್ರಿಯಲ್ಲಿ ಒಳಗೆ ಬೇಯಲು, ಆಮೇಲೆ 180–190ರಲ್ಲಿ ಹೊರಗೆ ಗರಿಯಾಗಲು. ಚೆನ್ನಾಗಿ ಕರಿದವೂ ಹತ್ತು ನಿಮಿಷಕ್ಕೆ ಸೋಲುತ್ತವೆ. ಒಳಗಿನ ಆವಿ ಹೊರಬರುತ್ತ ಗರಿಯನ್ನು ನೆನೆಸುತ್ತದೆ. ಆಳದ ಲೋಟದಲ್ಲಿ ನಿಲ್ಲಿಸಿ ತಂದರೆ ಐದೇ ನಿಮಿಷ. ತಟ್ಟೆಯಲ್ಲಿ ಹರಡಿಕೊಡಿ ಎನ್ನಿ. ಕೆಚಪ್ ಬಟ್ಟಲು ಪಕ್ಕದಲ್ಲಿರಲಿ, ಮೇಲೆ ಸುರಿಯಬೇಡಿ.

ಆರ್ಡರ್ ಒಬ್ಬರ ಕೈಯಲ್ಲಿರಲಿ. ಹಿಂದಿನ ರಾತ್ರಿಯೇ ಹೆಸರು, ಪ್ಯಾಟಿ, ಚೀಸ್ ಉಂಟೋ ಇಲ್ಲವೋ, ಮೊಟ್ಟೆ ಆಗುತ್ತದೋ ಇಲ್ಲವೋ ಎಂದು ನಾಲ್ಕು ಕಾಲಂನಲ್ಲಿ ಬರೆದುಕೊಂಡು ಚೀಟಿಯನ್ನೇ ಕೌಂಟರಿಗೆ ಕೊಡಿ. ಈರುಳ್ಳಿ ಬೇಡ, ಗರ್ಕಿನ್ ಬೇಡ ಎಂಬ ಸಣ್ಣಪುಟ್ಟ ತಿದ್ದುಪಡಿ ಹೇಳದಿರುವುದೇ ಲೇಸು. ಬೇಡದ್ದನ್ನು ತಟ್ಟೆಯಲ್ಲಿ ಎತ್ತಿಡಬಹುದು. ಅಲರ್ಜಿ ಇದ್ದರೆ ಮಾತ್ರ ಬೇರೆ ಸಾಲಿನಲ್ಲಿ, ದಪ್ಪಕ್ಷರದಲ್ಲಿ ಬರೆದು ಬಾಯಲ್ಲೂ ಹೇಳಿ.

ಮಿಕ್ಕದ್ದನ್ನು ಮನೆಗೆ ಒಯ್ಯುವುದಾದರೆ ಪ್ಯಾಟಿ ಬೇರೆ, ಬನ್ ಬೇರೆ ಡಬ್ಬಿಗೆ. 2 ಗಂಟೆಯೊಳಗೆ ಫ್ರಿಜ್ ಸೇರಬೇಕು, ತಿನ್ನುವಾಗ ಪ್ಯಾಟಿಯನ್ನು 74 ಡಿಗ್ರಿಗೆ ಬಿಸಿ ಮಾಡಬೇಕು. ಲೆಟ್ಯೂಸ್ ಎಲೆಯನ್ನು ಮಾತ್ರ ಅಲ್ಲೇ ತಿಂದು ಏಳಿ, ಅದು ಮನೆಯವರೆಗೆ ಬರುವ ಜಾತಿಯಲ್ಲ.