ಚೊಲುಲಾದ ಗುಡ್ಡದ ಕಥೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ರಘು,

ನೀನು ಕಳಿಸಿದ ಫೋಟೊ ನೋಡಿದೆ. ಹಸಿರು ಗುಡ್ಡ, ಅದರ ನೆತ್ತಿಯ ಮೇಲೆ ಹಳದಿ ಬಣ್ಣದ ಚರ್ಚ್, ಹಿಂದೆ ಹೊಗೆ ಬಿಡುವ ಪೊಪೊಕತೆಪೆಟ್ಲ್ ಅಗ್ನಿಪರ್ವತ. ಜಗತ್ತಿನ ಅತಿ ದೊಡ್ಡ ಪಿರಮಿಡ್ಡನ್ನು ಸ್ಪೇನಿನವರು ಮಣ್ಣಲ್ಲಿ ಹೂತು, ಮೇಲೆ ಚರ್ಚ್ ಕಟ್ಟಿದರಂತೆ, ನಿಜವಾ ಎಂದು ಕೇಳಿದ್ದೀಯ. ಅದು ಮೆಕ್ಸಿಕೊದ ಚೊಲುಲಾ. ನಾನಿರುವ ಪ್ವೆಬ್ಲಾ ನಗರಕ್ಕೆ ಅಂಟಿಕೊಂಡೇ ಇದೆ. ಬಿಡುವಾದಾಗಲೆಲ್ಲ ಅಲ್ಲಿಗೆ ಹೋಗಿಬರುತ್ತೇನೆ. ಆ ಮಾತಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಫೋನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಅತಿ ದೊಡ್ಡದು ಎನ್ನುವುದು ನಿಜ. ಎತ್ತರದಲ್ಲಿ ಈಜಿಪ್ಟಿನ ಗೀಜಾ ಪಿರಮಿಡ್ಡೇ ಮುಂದು. ಆದರೆ ಗಾತ್ರ ನೋಡು: ಗೀಜಾದ್ದು ಸುಮಾರು 25 ಲಕ್ಷ ಘನ ಮೀಟರ್, ಚೊಲುಲಾದ್ದು ಸುಮಾರು 44.5 ಲಕ್ಷ. ಬುಡದ ಒಂದೊಂದು ಬದಿಯೂ 400 ಮೀಟರಿನಷ್ಟು ಉದ್ದ. ಇಷ್ಟನ್ನೂ ಕಟ್ಟಿರುವುದು ಬಹುಮಟ್ಟಿಗೆ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಯಿಂದ. ಯಾವನೋ ಒಬ್ಬ ರಾಜ ನಿಂತು ಕಟ್ಟಿಸಿದ್ದೂ ಅಲ್ಲ. ಕ್ರಿಸ್ತಪೂರ್ವದಲ್ಲಿ ಸಣ್ಣದಾಗಿ ಶುರುವಾದದ್ದು. ಮುಂದಿನ ತಲೆಮಾರಿನವರು ಹಳೆಯದನ್ನು ಕೆಡವಲಿಲ್ಲ, ಅದನ್ನು ಒಳಗೇ ಇಟ್ಟು ಮೇಲೆ ಇನ್ನೂ ದೊಡ್ಡದನ್ನು ಕಟ್ಟಿದರು. ಅವರ ನಂತರದವರೂ ಹಾಗೇ ಮಾಡಿದರು. ಸಾವಿರ ವರ್ಷದಷ್ಟು ಕಾಲ ಇದೇ ನಡೆಯಿತು.

ಹೂತುಹಾಕಿದ್ದು ಮಾತ್ರ ಸುಳ್ಳು. ಸ್ಪೇನಿನವರು ಬರುವುದಕ್ಕೆ ನೂರಾರು ವರ್ಷ ಮೊದಲೇ ಜನ ಈ ಪಿರಮಿಡ್ಡನ್ನು ಕಟ್ಟುವುದು ಬಿಟ್ಟಿದ್ದರು. ಹಸಿ ಇಟ್ಟಿಗೆ ಅಲ್ವಾ, ಮಳೆಗೆ ಕರಗಿತು, ಹುಲ್ಲು ಬೆಳೆಯಿತು, ಗಿಡಮರ ಬಂದವು. ಊರಿನ ದೊಡ್ಡ ಪೂಜೆಯೆಲ್ಲ ಸ್ವಲ್ಪ ಆಚೆ, ಕೆತ್ಸಲ್‌ಕೊಆಟ್ಲ್ ದೇವರ ಗುಡಿಗೆ ಹೋಯಿತು. ಆದರೂ ಗುಡ್ಡವನ್ನು ಯಾರೂ ಮರೆಯಲಿಲ್ಲ. ಅದರ ತುದಿಯಲ್ಲಿ ಮಳೆಯ ದೇವತೆಗೆ ಪೂಜೆ ನಡೆಯುತ್ತಲೇ ಇತ್ತು.

ಸ್ಪೇನಿನವರು ಮಾಡಿದ್ದು ಬೇರೆ, ಅದು ಇನ್ನೂ ಘೋರ. 1519ರ ಅಕ್ಟೋಬರಿನಲ್ಲಿ ಸ್ಪೇನಿನ ದಂಡನಾಯಕ ಎರ್ನಾನ್ ಕೊರ್ತೆಸ್ ತನ್ನ ಸೈನಿಕರ ಜೊತೆ, ಪಕ್ಕದ ತ್ಲಸ್ಕಾಲಾ ನಾಡಿನ ಮಿತ್ರಪಡೆಯ ಜೊತೆ ಇಲ್ಲಿಗೆ ಬಂದ. ಇಲ್ಲಿನ ಗುಡಿಯೊಂದರ ಮೇಲೆ ನಿಂತು ಎಣಿಸಿದೆ, ಊರಲ್ಲಿ 430ಕ್ಕೂ ಹೆಚ್ಚು ಗೋಪುರಗಳಿದ್ದವು ಅಂತ ತನ್ನ ರಾಜನಿಗೆ ಬರೆದ. ಆಮೇಲೆ ಊರಿನವರು ತನ್ನ ವಿರುದ್ಧ ಸಂಚು ಮಾಡಿದ್ದಾರೆ ಎಂದು ಹೇಳಿ, ಅವರನ್ನು ಒಂದು ಅಂಗಳದಲ್ಲಿ ಸೇರಿಸಿ ಕೊಲ್ಲಿಸಿದ. ಎರಡು ಗಂಟೆಯಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು ಎಂದು ಅವನೇ ಬರೆದುಕೊಂಡಿದ್ದಾನೆ. ಸಂಚು ನಿಜವಾಗಿ ಇತ್ತೋ ಇಲ್ಲವೋ ಎಂದು ಇತಿಹಾಸಕಾರರು ಇವತ್ತಿಗೂ ವಾದ ಮಾಡುತ್ತಾರೆ. ನಿರಾಯುಧರಾದ ಅಷ್ಟು ಜನರನ್ನು ಕೊಂದದ್ದಕ್ಕೆ ನನ್ನ ಮಟ್ಟಿಗೆ ಯಾವ ಸಂಚೂ ಸಮರ್ಥನೆ ಆಗುವುದಿಲ್ಲ.

ಕೆತ್ಸಲ್‌ಕೊಆಟ್ಲ್ ಗುಡಿಯಿದ್ದ ಜಾಗದಲ್ಲಿ 1549ರಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಸಾನ್ ಗ್ಯಾಬ್ರಿಯೆಲ್ ಮಠ ಶುರು ಮಾಡಿದರು. ಅದರ ಪಕ್ಕದಲ್ಲೇ ಕಪಿಯಾ ರೆಯಾಲ್ ಎಂಬ ಪ್ರಾರ್ಥನಾಲಯ ಇದೆ. ಒಳಗೆ ಎಲ್ಲಿ ನೋಡಿದರೂ ಕಂಬಗಳ ಸಾಲು, ಮೇಲೆ 49 ಗುಮ್ಮಟ. ಸ್ಪೇನಿನ ಕೊರ್ಡೊಬಾದಲ್ಲಿರುವ ಹಳೇ ಮಸೀದಿ ಇದಕ್ಕೆ ಮಾದರಿ ಎನ್ನುತ್ತಾರೆ. ಅರಬ್ಬರ ಶೈಲಿ ಸ್ಪೇನಿಗೆ ಹೋಗಿ, ಅಲ್ಲಿಂದ ಸಮುದ್ರ ದಾಟಿ ಇಲ್ಲಿಗೆ ಬಂದಿದೆ ನೋಡು.

ಗುಡ್ಡದ ಮೇಲಿನ ಚರ್ಚಿಗೂ ಒಂದು ಕಥೆ ಇದೆ. ಆ ಕಾಲದ ಮೊಟೊಲಿನಿಯಾ ಎಂಬ ಪಾದ್ರಿ ಬರೆದಿಟ್ಟದ್ದು. ಪಾದ್ರಿಗಳು ಮೊದಲು ಅಲ್ಲಿ ಒಂದು ಶಿಲುಬೆ ನೆಟ್ಟರಂತೆ, ಸಿಡಿಲು ಹೊಡೆದು ಮುರಿಯಿತು. ಇನ್ನೊಂದು ನೆಟ್ಟರು, ಅದಕ್ಕೂ ಹೊಡೆಯಿತು. ಕೊನೆಗೆ ಅಗೆದು ನೋಡಿದರೆ ಮಣ್ಣಲ್ಲಿ ವಿಗ್ರಹಗಳು, ಶಂಖಗಳು! ಆಮೇಲೆ 16ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ರೆಮೆದಿಯೋಸ್ ಮಾತೆಯ ಚರ್ಚ್ ಬಂತು. ಮಳೆ ಬೇಡುತ್ತಿದ್ದ ಜಾಗದಲ್ಲಿ ಜನ ಕಷ್ಟ ಪರಿಹರಿಸು ಎಂದು ಮೇರಿಯನ್ನು ಬೇಡತೊಡಗಿದರು. ಈಗಿರುವ ಕಟ್ಟಡ ಭೂಕಂಪಗಳ ನಂತರ ಸುಧಾರಿಸಿಕೊಂಡು ನಿಂತದ್ದು. 1999ರಲ್ಲಿ ಪೆಟ್ಟು ತಿಂತು, 2017ರ ಸೆಪ್ಟೆಂಬರಿನಲ್ಲಿ ಮತ್ತೆ ಗೋಪುರಗಳಿಗೆ ಹಾನಿಯಾಯಿತು.

ಮೇಲೆ ಚರ್ಚಿದ್ದರೆ ಕೆಳಗೆ ಅಗೆಯುವುದು ಹೇಗೆ? 1931ರಲ್ಲಿ ಇಗ್ನಾಸಿಯೊ ಮಾರ್ಕಿನಾ ಎಂಬ ವಾಸ್ತುಶಿಲ್ಪಿ ಇದಕ್ಕೊಂದು ದಾರಿ ಹಿಡಿದರು. ಗುಡ್ಡವನ್ನು ಮೇಲಿಂದ ಕೆದಕದೆ ಪಕ್ಕದಿಂದ ಸುರಂಗ ಕೊರೆಯುತ್ತಾ ಹೋದರು. ಹಸಿ ಇಟ್ಟಿಗೆಯಾದ್ದರಿಂದ ಕೊರೆಯಬಹುದಿತ್ತು. ಒಳಗೆ ಹಳೇ ಪಿರಮಿಡ್ಡಿನ ಗೋಡೆ ಸಿಕ್ಕರೆ ಅದರ ಗುಂಟ ಸಾಗಿದರು. ವರ್ಷಗಟ್ಟಲೆ ನಡೆದ ಈ ಕೆಲಸದಲ್ಲಿ ಸುಮಾರು 8 ಕಿಲೋಮೀಟರ್ ಸುರಂಗ ಆಯಿತು. ಒಳಗಿನ ಪದರಗಳ ಲೆಕ್ಕ ಸಿಕ್ಕಿದ್ದೇ ಹೀಗೆ.

1969ರಲ್ಲಿ ಇನ್ನೊಂದು ಸಿಕ್ಕಿತು. ಕುಡಿಯುವವರ ಚಿತ್ರ! 50 ಮೀಟರ್ ದಾಟಿದ ಗೋಡೆಯ ಉದ್ದಕ್ಕೂ ನೂರಕ್ಕೂ ಹೆಚ್ಚು ಜನ ಕೂತು ಕುಡಿಯುತ್ತಿದ್ದಾರೆ. ಪಕ್ಕದಲ್ಲಿ ಮಡಕೆ, ಕೈಯಲ್ಲಿ ಬಟ್ಟಲು, ಮೈಮೇಲೆ ಒಂದು ತುಂಡು ಬಟ್ಟೆ. ಅವರು ಕುಡಿಯುತ್ತಿರುವುದು ಪುಲ್ಕೆ, ದೊಡ್ಡ ಜಾತಿಯ ಕತ್ತಾಳೆಯ ರಸ ಹುಳಿ ಬರಿಸಿ ಮಾಡುವ ಪಾನೀಯ. ಹತ್ತಿರ ಹತ್ತಿರ 1,800 ವರ್ಷ ಹಿಂದಿನದು. ಗಾಳಿಗೂ ಬೆಳಕಿಗೂ ಬಣ್ಣ ಹಾಳಾಗಬಾರದೆಂದು ಮೂಲ ಚಿತ್ರವನ್ನು ಎಲ್ಲರಿಗೂ ತೋರಿಸುವುದಿಲ್ಲ, ಪ್ರತಿ ನೋಡಬಹುದು. ಹಳೇ ನಾಗರಿಕತೆ ಎಂದರೆ ರಾಜ, ಯುದ್ಧ, ಬಲಿ ಅಂತಲೇ ಓದಿರುತ್ತೇವಲ್ಲ, ಇಲ್ಲಿ ಸುಮ್ನೆ ಒಟ್ಟಿಗೆ ಕೂತ ಜನರಿದ್ದಾರೆ. ನನಗೆ ಚೊಲುಲಾದಲ್ಲಿ ತುಂಬ ಇಷ್ಟವಾದದ್ದು ಇದು.

ಅದಕ್ಕೆ ಸಮ ಎಂದರೆ ತೊನಾಂತ್ಸಿಂತ್ಲಾದ ಚರ್ಚ್ ಒಂದೇ. ಪಿರಮಿಡ್ಡಿನಿಂದ ನಾಲ್ಕೈದು ಕಿಲೋಮೀಟರ್ ಒಳಗೇ ಇದೆ. ಹೊರಗೆ ಅಂಥಾ ವಿಶೇಷ ಕಾಣುವುದಿಲ್ಲ. ಒಳಗೆ ಕಾಲಿಟ್ಟು ತಲೆ ಎತ್ತಿದರೆ ಒಂದು ಅಂಗೈಯಷ್ಟು ಜಾಗವೂ ಖಾಲಿ ಇಲ್ಲ. ಗೋಡೆ, ಕಮಾನು, ಗುಮ್ಮಟ ಎಲ್ಲ ಗಾರೆಯಲ್ಲಿ ಮಾಡಿದ ಮುಖಗಳು, ಬಳ್ಳಿ, ಹಣ್ಣು, ಹೂವು. ಕೆಂಪು, ನೀಲಿ, ಹಸಿರು, ಚಿನ್ನದ ಬಣ್ಣ. ದೇವದೂತರ ಮುಖ ಯುರೋಪಿನವರದ್ದಲ್ಲ, ಕಂದು ಬಣ್ಣದ ಊರಿನ ಮಕ್ಕಳದ್ದು. ಕೆಲವರ ತಲೆ ಮೇಲೆ ಗರಿಯ ಕಿರೀಟ. ಸ್ಥಳೀಯ ಕುಶಲಕರ್ಮಿಗಳು ತಲೆಮಾರುಗಟ್ಟಲೆ ಮಾಡಿದ ಕೆಲಸವಿದು. ಒಬ್ಬರ ಹೆಸರೂ ಅಲ್ಲಿಲ್ಲ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಒಂದು ಲೆಕ್ಕಕ್ಕೆ ಒಳ್ಳೆಯದೇ, ಕಣ್ಣು ತುಂಬ ನೋಡುತ್ತೇವೆ. ಅಲ್ಲಿಂದ ಮುಂದಕ್ಕೆ ಅಕತೆಪೆಕ್. ಅಲ್ಲಿನ ಚರ್ಚಿನ ಮುಂಭಾಗಕ್ಕೆಲ್ಲ ತಲವೆರಾ ಎಂಬ ಬಣ್ಣಬಣ್ಣದ ಹೊಳಪಿನ ಹಂಚು ಹೊದಿಸಿದ್ದಾರೆ.

ಚೊಲುಲಾದಲ್ಲಿ ದಿನಕ್ಕೊಂದರಂತೆ 365 ಚರ್ಚುಗಳಿವೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ಇರುವುದು ಅದಕ್ಕಿಂತ ಎಷ್ಟೋ ಕಡಿಮೆ. ಆದರೆ ಹಬ್ಬ ಮಾತ್ರ ಮುಗಿಯುವುದೇ ಇಲ್ಲ. ಊರಿನ ಒಂದು ಭಾಗವಾದ ಸಾನ್ ಪೆದ್ರೊ ಚೊಲುಲಾದಲ್ಲಿ ಹತ್ತು ಹಳೇ ಕೇರಿಗಳಿವೆ. ಒಂದೊಂದಕ್ಕೂ ತನ್ನದೇ ಚರ್ಚ್, ತನ್ನದೇ ಸಂತ. ಊರಿನ ದೊಡ್ಡ ಸೇವೆಗಳು ಕೇರಿಯಿಂದ ಕೇರಿಗೆ ಸರದಿಯ ಮೇಲೆ ಹೋಗುತ್ತವೆ. ಹೊಣೆ ಹೊತ್ತವನನ್ನು ಮಯೊರ್ದೊಮೊ ಎನ್ನುತ್ತಾರೆ. ಊಟ, ಪಟಾಕಿ, ಹೂವು, ವಾದ್ಯ ಎಲ್ಲ ಅವನ ತಲೆ ಮೇಲೆ. ಆಗಸ್ಟ್ 31ರ ರಾತ್ರಿ ಲಾಂದ್ರಗಳ ಮೆರವಣಿಗೆ. ಸೆಪ್ಟೆಂಬರ್ 8ಕ್ಕೆ ರೆಮೆದಿಯೋಸ್ ಮಾತೆಯ ಹಬ್ಬ, ಆಗ ಊರ ಚೌಕದಲ್ಲಿ ಸಾಟಿ ವ್ಯಾಪಾರ. ದುಡ್ಡಿನ ಮಾತಿಲ್ಲ. ಮಡಕೆ ಕೊಟ್ಟು ಹಣ್ಣು ತಗೋ, ಸೌದೆ ಕೊಟ್ಟು ಮೆಕ್ಕೆಜೋಳ ತಗೋ.

ನನ್ನ ಪ್ರಕಾರ ಈ ಗುಡ್ಡವನ್ನು ಇಷ್ಟು ಕಾಲ ಉಳಿಸಿದ್ದು ಈ ಕೇರಿಯ ಜನರೇ. 2014ರಲ್ಲಿ ಪಿರಮಿಡ್ಡಿನ ಸುತ್ತಲ ಜಮೀನು ವಶಪಡಿಸಿಕೊಂಡು ಪಾರ್ಕ್ ಮಾಡುವ ಸರ್ಕಾರಿ ಯೋಜನೆ ಬಂತು. ಊರಿನವರು ಕೈ ಕೈ ಹಿಡಿದು ಪಿರಮಿಡ್ಡನ್ನು ಸುತ್ತುವರಿದು ನಿಂತರು. ಹೋರಾಟದಲ್ಲಿ ಕೆಲವರು ಜೈಲಿಗೂ ಹೋದರು. ಹಬ್ಬದ ದಿನ ಮೆರವಣಿಗೆ ಹೋಗುವ ನೆಲ, ಬೆಳೆ ಬೆಳೆಯುವ ನೆಲ ಅದು. ಅವರಿಗೆ ಅದು ಪ್ರವಾಸಿ ತಾಣ ಆಗುವುದಕ್ಕಿಂತ ಮೊದಲೇ ಊರು.

ಆ ಹೊಲಗಳಲ್ಲಿ ಅಕ್ಟೋಬರಿನಲ್ಲಿ ಏನಿರುತ್ತೆ ಗೊತ್ತಾ? ಚೆಂಡುಹೂವು! ಆಯುಧಪೂಜೆಗೆ ನಾವು ಮಾರು ಮಾರು ಕೊಳ್ಳುವ ಅದೇ ಹೂವು. ಅದರ ತವರು ಮೆಕ್ಸಿಕೊ, ಅಲ್ಲಿಂದಲೇ ನಮ್ಮಲ್ಲಿಗೆ ಬಂದದ್ದು. ಪಕ್ಕದ ಸಾಲುಗಳಲ್ಲಿ ಕಡುಗೆಂಪು ಕೋಳಿಜುಟ್ಟಿನ ಹೂವು. ನವೆಂಬರ್ 1 ಮತ್ತು 2ಕ್ಕೆ ಸತ್ತವರ ಹಬ್ಬ. ತೀರಿಕೊಂಡವರಿಗೆ ದಾರಿ ಗೊತ್ತಾಗಲಿ ಅಂತ ಬೀದಿಯಿಂದ ಮನೆಯೊಳಗಿನವರೆಗೆ ಈ ಹೂವಿನ ಎಸಳು ಉದುರಿಸುತ್ತಾರೆ, ಅವರಿಗೆ ಇಷ್ಟವಾದ ಅಡುಗೆ ಮಾಡಿ ಎಡೆ ಇಡುತ್ತಾರೆ.

ಬರುವುದಾದರೆ ಅಕ್ಟೋಬರ್ ಕೊನೆಗೇ ಬಾ. ಮಳೆ ಕಡಿಮೆಯಾಗಿರುತ್ತೆ, ಬೆಳಿಗ್ಗೆ ಬೇಗ ಗುಡ್ಡ ಹತ್ತಿದರೆ ಅಗ್ನಿಪರ್ವತ ಚೆನ್ನಾಗಿ ಕಾಣಿಸುತ್ತದೆ. ಊರು 2,100 ಮೀಟರ್ ಎತ್ತರದಲ್ಲಿದೆ, ಮೊದಲ ದಿನ ಏದುಸಿರು ಬರುತ್ತದೆ, ಅವಸರ ಮಾಡುವುದು ಬೇಡ. ಒಂದು ಸ್ವೆಟರ್ ಇರಲಿ. ನಿನ್ನ ಹತ್ತಿರ ಅಮೆರಿಕದ ವೀಸಾ ಇದೆಯಲ್ಲ, ಅದರ ಅವಧಿ ಮುಗಿದಿಲ್ಲ ಎಂದಾದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಕಿಲ್ಲ. ರಜೆ ಸಿಕ್ಕ ಕೂಡಲೇ ತಿಳಿಸು, ಆ ವಾರ ನಾನೂ ಕೆಲಸಕ್ಕೆ ರಜೆ ಹಾಕುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ